ಒಂದಾಳಿನ ಮುಯ್ಯಿ

ಕೆರಗೋಡು
9 ಜೂನ್ 2025

ಇಂಡಿಯಾ ಆಟಗಾರ್ತಿ ರಂಜಿತ ಅವರಿಗೆ,

ಹಾಗೆ ಕರೆಯದೆ ಇನ್ನೇನು ಮಾಡಲಿ ಕಣೇ? ಕೊತ್ತತ್ತಿ ಬಸ್‌ಸ್ಟಾಪಿನಲ್ಲಿ ನಿನ್ನ ಫ್ಲೆಕ್ಸು ಇನ್ನೂ ಇದೆ. ಬಿಸಿಲಿಗೆ ನೀಲಿ ಜೆರ್ಸಿ ಬೂದಿ ಬಣ್ಣಕ್ಕೆ ತಿರುಗಿದೆ, ನಿನ್ನ ಹಲ್ಲು ಮಾತ್ರ ಹಾಗೇ ಬೆಳ್ಳಗಿದೆ. ಬಸ್ಸು ಅಲ್ಲಿ ನಿಂತಾಗಲೆಲ್ಲ ನಾನು ಆಚೆ ಕಿಟಕಿಯ ಕಡೆ ತಿರುಗಿ ಕೂರುತ್ತೇನೆ. ಹೊಟ್ಟೆಕಿಚ್ಚೇ. ಮುಚ್ಚಿಡುವುದಕ್ಕೆ ಏನಿದೆ?

ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ಮಾತು ಬಿಸಿಯಾದರೆ ನೀನು ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ.

ವಿಷಯ ಇದು. ನಮ್ಮ ಯೂನಿವರ್ಸಿಟಿಯ ಹೆಣ್ಣುಮಕ್ಕಳ ರಗ್ಬಿ ಕ್ಲಬ್ಬಿಗೆ ಬರುವ ಜನವರಿಗೆ ಐದು ವರ್ಷ ತುಂಬುತ್ತದೆ. ಸ್ಮರಣ ಸಂಚಿಕೆ ತರುತ್ತಾರಂತೆ. ನಮಗೆ ಆಟ ಕಲಿಸಿದ ಸಿದ್ದರಾಮು ಮೇಷ್ಟ್ರು ನನ್ನನ್ನು ಕರೆದು, "ಏಮಾ, ಕ್ಲಬ್ಬಿನ ಇತಿಹಾಸ ನೀನೇ ಬರೀಬೇಕು ಕಣಮ್ಮ. ಇಲ್ಲೇ ಉಳ್ಕಂಡಿರೋಳು ನೀನೊಬ್ಳೇ ಅಲ್ವಾ" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ. ಮೊದಲ ಏಳು ಪುಟ ದೊಡ್ಡವರ ಶುಭಾಶಯ, ಎಂಟನೆಯ ಪುಟದಿಂದ ನನ್ನ ಇತಿಹಾಸ.

ಆಡಿದ ಕ್ಲಬ್ಬಿನಲ್ಲೇ ಈಗ ಹುಡುಗಿಯರಿಗೆ ಕಲಿಸುತ್ತಿರುವವಳು ನಾನು. ದಿನಾ ಬೆಳಗ್ಗೆ ಸೀಟಿ ಊದುವವಳು, ಉಳುಕಿದ ಕಾಲಿಗೆ ಎಣ್ಣೆ ತಿಕ್ಕುವವಳು, ಅಪ್ಪಂದಿರ ಕೈಕಾಲು ಹಿಡಿದು ಹುಡುಗಿಯರನ್ನು ಪಂದ್ಯಕ್ಕೆ ಬಿಡಿಸಿಕೊಂಡು ಬರುವವಳು ನಾನು. ಮೊನ್ನೆ ಕೊಕ್ಕರೆ ಬೆಳ್ಳೂರಿನಿಂದ ನಯನ ಅಂತ ಒಬ್ಬಳು ಸೇರಿದಳು. ನನ್ನ ಮುಖ ನೋಡಿ ಅವಳು ಕೇಳಿದ ಮೊದಲ ಮಾತು, "ರಂಜಿತಕ್ಕನ ಕ್ಲಬ್ಬು ಇದೇನಾ ಮ್ಯಾಮ್?"

ಅದಕ್ಕೇ ನಿನ್ನಿಂದ ಒಂದು ಪುಟ ಬೇಕು. ಮೊದಲ ವರ್ಷದ ಬಗ್ಗೆ ಏನಾದರೂ ಬರೆ. ಆಮೇಲೆ 2022ರ ಆಗಸ್ಟಿನ ಆ ಭಾನುವಾರ, ರಾಜ್ಯ ತಂಡದ ಆಯ್ಕೆಗೆ ನೀನು ಬೆಂಗಳೂರಿಗೆ ಹೋದ ದಿನ, ನಡೆದದ್ದನ್ನು ನಡೆದ ಹಾಗೆ ಬರೆ. ಎಂಟನೆಯ ಪುಟದಲ್ಲಿ ಯಾರ ಹೆಸರು ಮೊದಲು ಬರಬೇಕು ಅಂತ ನಾನಿನ್ನೂ ತೀರ್ಮಾನಿಸಿಲ್ಲ. ನಿನ್ನ ಪುಟ ನೋಡಿ ತೀರ್ಮಾನಿಸುತ್ತೇನೆ.

ನಿನ್ನ
ಹೇಮಶ್ರೀ


ಕೋಲ್ಕತ್ತ
27 ಜೂನ್ 2025

ಪ್ರೀತಿಯ ಹೇಮ,

ನಿನ್ನ ಕಾಗದ ನೋಡಿ ನಗು ಬಂತು. ಫ್ಲೆಕ್ಸು ತೆಗೆಸು ಅಂತ ನಾನೇ ಅವ್ವನಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಕೇಳುವುದಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಗ್ಗೆ ಅಭ್ಯಾಸ, ಸಂಜೆ ಇಲ್ಲಿನ ಕ್ಲಬ್ಬಿನ ಚಿಕ್ಕ ಹುಡುಗಿಯರಿಗೆ ಪಾಠ. ಎರಡನೆಯ ಸಲದ ನ್ಯಾಷನಲ್ ಕ್ಯಾಂಪೂ ಮುಗಿಯಿತು. ಬಿಡುವೇ ಇಲ್ಲ ಅಂದರೆ ನೀನು ನಂಬುವುದಿಲ್ಲ. ಕೇಳಿದ ಪುಟ ಕೆಳಗಿದೆ. ಭಾಷೆ ತಿದ್ದಿಕೋ, ಬಂಗಾಳಿ ಕೇಳಿ ಕೇಳಿ ನನ್ನ ಕನ್ನಡ ಕೆಟ್ಟಿದೆ.

"ನಮ್ಮ ಮೊದಲ ಪಂದ್ಯ ಬೆಂಗಳೂರಿನ ತಂಡದ ಜೊತೆ. ಹೇಮಶ್ರೀ ಎದುರಾಳಿಯ ಸೊಂಟ ತಬ್ಬಿ ನೆಲಕ್ಕೆ ಉರುಳಿಸಿದಳು. ಹಾಗೆ ಉರುಳಿಸಿದ ಮೇಲೆ ಚೆಂಡಿಗೆ ಕೈಹಾಕಬೇಕು, ಅದೇ ಆಟ. ಅವಳು ಚೆಂಡು ಬಿಟ್ಟು, ಬಿದ್ದವಳನ್ನು ರಟ್ಟೆ ಹಿಡಿದು ಎಬ್ಬಿಸಿ, ಬೆನ್ನಿನ ಮಣ್ಣು ಒದರುತ್ತ 'ಪೆಟ್ಟಾಯ್ತೇನವ್ವಾ' ಅಂದಳು. ಅಷ್ಟರಲ್ಲಿ ಅವರ ಕಡೆಯವಳು ಚೆಂಡು ಎತ್ತಿಕೊಂಡು ಗೆರೆ ದಾಟಿಯಾಗಿತ್ತು. ಗದ್ದೆಯಲ್ಲಿ ಬಿದ್ದವರನ್ನು ಎಬ್ಬಿಸಿಯೇ ನಮಗೆ ಅಭ್ಯಾಸ. ಆ ಅಭ್ಯಾಸ ಬಿಡಿಸಲು ಸಿದ್ದರಾಮು ಮೇಷ್ಟ್ರಿಗೆ ಆರು ತಿಂಗಳು ಬೇಕಾಯಿತು.

2022ರ ಆಗಸ್ಟ್ 14. ಮೊದಲ ಬಸ್ಸಿಗೆ ಕೊತ್ತತ್ತಿ ಬಿಟ್ಟೆ. ಮೈದಾನಕ್ಕೆ ಇಳಿದಾಗ ಹೆದರಿಕೆಯಾಗಲಿಲ್ಲ. ಓಡಿದೆ. ಆಯ್ಕೆಯಾದೆ. ಇದಕ್ಕೆಲ್ಲ ನಮ್ಮ ಯೂನಿವರ್ಸಿಟಿ ಮತ್ತು ಗೆಳತಿಯರು ಕಾರಣ."

ಇಷ್ಟು ಸಾಕಲ್ಲವಾ? ಅವ್ವನನ್ನು ಕಂಡರೆ ಕೇಳಿದೆ ಅಂತ ಹೇಳು. ಹೇಳದಿದ್ದರೂ ನಡೆಯುತ್ತದೆ, ಈಚೆಗೆ ನನಗಿಂತ ಅವಳನ್ನು ಹೆಚ್ಚು ಕಾಣುವವಳು ನೀನೇ.

ರಂಜಿತ


ಕೆರಗೋಡು
6 ಜುಲೈ 2025

ರಂಜಿತ,

ನಿನ್ನ ಪುಟ ಓದಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯರಿಗೂ ಓದಿ ಹೇಳಿದರು. ಈಗ ಯಾರನ್ನು ಉರುಳಿಸಿದರೂ 'ಪೆಟ್ಟಾಯ್ತೇನವ್ವಾ' ಅಂತ ಕೂಗಿ ನನ್ನ ಕಡೆ ನೋಡುತ್ತಾರೆ. ತುಂಬ ಥ್ಯಾಂಕ್ಸು.

ನಾನು ಸಂಚಿಕೆಗೆ ಬರೆದಿರುವುದನ್ನು ನೀನೂ ಓದು.

"ಸಿದ್ದರಾಮು ಅವರು ಒಂದು ವಾರದ ತರಬೇತಿಗೆ ಹೋಗಿ ಎರಡು ಚೆಂಡು ತಂದರು. ಬಿದಿರಿನ ಗೋಲುಕಂಬ ನೆಟ್ಟಾಗ ಪಕ್ಕದ ಬೀದಿಯ ಮಕ್ಕಳು ಉಯ್ಯಾಲೆ ಅಂದುಕೊಂಡು ಹಗ್ಗ ತಂದರು. ಹುಡುಗಿಯರು ಸೇರಿದರು. ಆಗಸ್ಟಿನಲ್ಲಿ ಮೊದಲ ಪಂದ್ಯ ಗೊತ್ತಾಯಿತು, ಅದೇ ಹೊತ್ತಿಗೆ ನಾಲೆಗೆ ನೀರು ಬಂತು. ನಾಟಿ ಬಿಟ್ಟು ಯಾವ ಮನೆಯವರೂ ಮಗಳನ್ನು ಆಟಕ್ಕೆ ಕಳಿಸಲು ಒಪ್ಪಲಿಲ್ಲ. ಆಗ ತಂಡದವರು ಮುಯ್ಯಾಳು ಕಟ್ಟಿಕೊಂಡರು. ನನ್ನ ಗದ್ದೆಗೆ ನೀನು ಒಂದು ದಿನ ಬಂದರೆ ನಿನ್ನ ಗದ್ದೆಗೆ ನಾನು ಒಂದು ದಿನ ಬರಬೇಕು. ಕೂಲಿಯಿಲ್ಲ, ಆಳಿಗೆ ಆಳೇ ಮುಯ್ಯಿ. ಹೀಗೆ ಇಡೀ ತಂಡ ಒಬ್ಬೊಬ್ಬಳ ಗದ್ದೆಗೂ ಹೋಗಿ ನಾಟಿ ಮುಗಿಸಿಕೊಟ್ಟು ಅವಳನ್ನು ಪಂದ್ಯಕ್ಕೆ ಬಿಡಿಸಿಕೊಂಡಿತು. ನೆಡುವ ಮೊದಲು ಅದೇ ಕೆಸರಿನಲ್ಲಿ ಒಬ್ಬರನ್ನೊಬ್ಬರು ಉರುಳಿಸಿ ಆಟ ಕಲಿತೆವು."

ಆ ಮುಯ್ಯಾಳಿನ ಉಪಾಯ ಯಾರದು? ನನ್ನದು. ನಿನಗೆ ಗೊತ್ತು. ಇರಲಿ, ಅದನ್ನು ಬಿಡು. ಆಗಸ್ಟ್ 14ಕ್ಕೆ ಬರೋಣ.

ಆಯ್ಕೆಗೆ ಹೋಗಬೇಕಾಗಿದ್ದವರು ನಾವಿಬ್ಬರು. ಒಟ್ಟಿಗೆ ಹೊರಡೋಣ ಅಂತ ನಾನು ಹಿಂದಿನ ದಿನವೇ ನಿಮ್ಮ ಮನೆಗೆ ಬಂದು ಉಳಿದಿದ್ದೆ. ಬೆಳಗ್ಗೆ ಬ್ಯಾಗು ಹೆಗಲಿಗೆ ಹಾಕಿ ಜಗಲಿಗೆ ಬಂದರೆ ನಿನ್ನ ಅವ್ವ ಹೊಂಬಾಳಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. "ನಾಲೆ ನೀರು ಈಗ ಬಂದದೆ. ಇವತ್ತು ಬುಟ್ರೆ ಇನ್ನೆಂಟು ದಿನ ನಮ್ಮ ಸರದಿ ಇಲ್ಲ, ಸಸಿ ಆಗ್ಲೇ ಬಲ್ತೋಗದೆ. ಒಂದಾಳು ಕೊಟ್ಬುಟ್ಟು ಎಲ್ಲಿಗಾದ್ರೂ ಓಗು" ಅಂದರು. ಬಸ್ಸು ಹಾರನ್ ಹಾಕುತ್ತಿತ್ತು. ನಾನು ಬ್ಯಾಗು ಕೆಳಗಿಟ್ಟು ಗದ್ದೆಗಿಳಿದೆ. ನೀನು ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದೆ.

ಆ ಒಂದಾಳು ಯಾರು ರಂಜಿತ? ನಿನ್ನ ಪುಟದಲ್ಲಿ ಅವಳಿಗೆ ಹೆಸರಿಲ್ಲ. ಬಿದ್ದವಳನ್ನು ಎಬ್ಬಿಸಿದ ಪೆದ್ದಿಗೆ ಮಾತ್ರ ಹೆಸರಿದೆ.

ನೀನು ರಾಜ್ಯ ತಂಡ, ಆ ಕ್ಯಾಂಪು, ಈ ಕ್ಯಾಂಪು, ಕೋಲ್ಕತ್ತ ಅಂತ ಹೋದವಳು ನಮ್ಮ ಕೆರಗೋಡಿನ ಗದ್ದೆಗೆ ಒಂದು ದಿನವೂ ಬರಲಿಲ್ಲ. ನಿನ್ನ ಅವ್ವ ಬಂದು, "ನಾನೇ ಬಂದು ತೀರುಸ್ಬುಡ್ತೀನಿ ಕಣವ್ವ" ಅಂದರು. ನಾನು ಬೇಡ ಅಂದೆ. ಮುಯ್ಯಿ ಯಾರ ಮೇಲಿದೆಯೋ ಅವಳೇ ಬಂದು ತೀರಿಸಲಿ.

ನನಗೆ ಆ ಸಾಲು ಅಚ್ಚಿನಲ್ಲಿ ಬೇಕು, ನಿನ್ನ ಕೈಯಿಂದಲೇ: ಅವತ್ತು ನನ್ನ ಬದಲು ಹೇಮಶ್ರೀ ಗದ್ದೆಗಿಳಿದಳು. ಹೆಚ್ಚೇನಲ್ಲ.

ಹೇಮಶ್ರೀ


ಕೋಲ್ಕತ್ತ
19 ಆಗಸ್ಟ್ 2025

ಹೇಮಶ್ರೀ,

ಬರೆಯಬಾರದು ಅಂತಲೇ ಇಷ್ಟು ದಿನ ಸುಮ್ಮನಿದ್ದೆ. ಆದರೆ ನೀನು ನಡೆದದ್ದನ್ನು ನಡೆದ ಹಾಗೆ ಬರೆ ಅಂದೆಯಲ್ಲ, ಬರೆಯುತ್ತೇನೆ.

ಆಗಸ್ಟ್ 13, ಶನಿವಾರ. ಸಂಜೆ ಮೇಷ್ಟ್ರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, "ನಿಮ್ಮಿಬ್ರಲ್ಲಿ ಒಬ್ಳುನ್ನೇ ಕಣ್ರವ್ವಾ ಅವ್ರು ತಗಳದು" ಅಂದರು. ಅಲ್ಲಿಂದ ಕೊತ್ತತ್ತಿ ಬರುವವರೆಗೆ ಬಸ್ಸಿನಲ್ಲಿ ನೀನು ಬ್ಯಾಗಿನ ಜಿಪ್ಪು ತೆಗೆಯುವುದು, ಹಾಕುವುದು ಮಾಡುತ್ತಲೇ ಇದ್ದೆ. ಬೆಳಗ್ಗೆ ಅವ್ವನ ಬಾಯಿಂದ ಒಂದಾಳು ಅನ್ನುವ ಮಾತು ಬಂದದ್ದೇ ತಡ, ನಿನ್ನ ಪ್ಯಾಂಟು ಮೊಣಕಾಲಿಗೆ ಏರಿತ್ತು. ಪಕ್ಕದ ಬೀದಿಯಲ್ಲೇ ನಮ್ಮ ತಂಡದ ಇಬ್ಬರಿದ್ದರು. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ನಾನು ಕೂಗಲು ಹೋದೆ, ನೀನು ಬಿಡಲಿಲ್ಲ.

ನೀನು ನನಗಾಗಿ ಗದ್ದೆಗಿಳಿಯಲಿಲ್ಲ ಹೇಮ. ನನ್ನೆದುರು ಸೋಲಬಾರದು ಅಂತ ಇಳಿದೆ. ಆ ಹೆದರಿಕೆಗೆ ಮೂರು ವರ್ಷದಿಂದ ತ್ಯಾಗ ಅಂತ ಹೆಸರಿಟ್ಟುಕೊಂಡಿದ್ದೀಯ. ಅದನ್ನು ನನ್ನ ಕೈಯಿಂದ ಬರೆಸಬೇಡ.

ಇನ್ನೊಂದು. ಅವತ್ತು ನಿನಗೆ ಯಾರೂ ಬಲವಂತ ಮಾಡಲಿಲ್ಲ, ಸರಿ. ಅದರ ಮುಂದಿನ ವರ್ಷ ನಮ್ಮ ಗದ್ದೆಗೆ ಯಾಕೆ ಹೋದೆ? ಆಮೇಲಿನ ವರ್ಷ? ನಿನ್ನನ್ನು ಕರೆದವರು ಯಾರು? ನಾನು ಫೋನ್ ಮಾಡಿದರೆ ಅವ್ವ, "ಏಮ ಬಂದಿದ್ಲು, ಏಮ ಬಸ್ಸಾರಲ್ಲಿ ಎರಡ್ ಮುದ್ದೆ ಉಂಡ್ಲು, ಏಮನ ಸಾಲು ನೋಡ್ಬೇಕು, ನೂಲಿಡ್ದಂಗೆ" ಅನ್ನುತ್ತಾಳೆ. ನನ್ನನ್ನು ಊಟ ಆಯಿತಾ ಅಂತ ಕೇಳುವುದು ಫೋನ್ ಇಡುವಾಗ. ಇಲ್ಲಿ ರೂಮಿನಲ್ಲಿ ಕೂತು ನನ್ನ ಮನೆಯ ಬಸ್ಸಾರನ್ನು ಇನ್ನೊಬ್ಬಳು ಉಂಡ ಕಥೆ ಕೇಳಬೇಕು ನಾನು. ಉರಿದುಹೋಗುತ್ತದೆ.

ಕ್ಲಬ್ಬೂ ನಿನ್ನ ಕೈಲಿದೆ, ಅವ್ವನೂ ನಿನ್ನವಳಾದಳು. ಉಳಿದಿರುವುದು ಆ ಫ್ಲೆಕ್ಸೊಂದು. ಅದನ್ನೂ ಕಿತ್ತುಕೊಂಡು ಹೋಗು.

ರಂಜಿತ


ಕೆರಗೋಡು
26 ಆಗಸ್ಟ್ 2025

ರಂಜಿತ,

ನಿನ್ನ ಹೆಸರು ಎಂಟನೆಯ ಪುಟದಲ್ಲಿ ಬರುವುದಿಲ್ಲ. ಒಂಬತ್ತರಲ್ಲೂ ಇಲ್ಲ. ಕೊನೆಯಲ್ಲಿ ಹಳೆಯ ಆಟಗಾರ್ತಿಯರು ಅಂತ ಒಂದು ಪಟ್ಟಿ ಇದೆ, ಅಕ್ಷರಮಾಲೆಯ ಪ್ರಕಾರ. ಅಲ್ಲಿ ಹುಡುಕಿಕೋ.

ಹೌದು, ಈ ವರ್ಷವೂ ಹೋಗಿದ್ದೆ. ಮೊನ್ನೆ ಭಾನುವಾರವೇ ನಿಮ್ಮ ನಾಟಿ ಮುಗಿಯಿತು. ನಿನ್ನ ಕಾಗದ ಬಂದದ್ದು ಅದರ ಹಿಂದಿನ ದಿನ. ಹೋಗಬಾರದು ಅಂದುಕೊಂಡೆ. ಆದರೆ ಮೊದಲೇ ಮಾತು ಕೊಟ್ಟಾಗಿತ್ತು, ನಿನ್ನ ಹಾಗೆ ಮಾತು ನುಂಗುವುದು ನನಗೆ ಬರುವುದಿಲ್ಲ. ನಿನ್ನ ಅವ್ವ ಪಕ್ಕದ ಸಾಲಿನಲ್ಲಿ ನೆಡುತ್ತ, "ಯಾಕವ್ವಾ, ಮೊಕ ಊದುಸ್ಕಂಡಿದ್ದೀಯ? ಯಾರೇನಂದ್ರು?" ಅಂತ ಕೇಳಿದರು. ಬಿಸಿಲು ಅಂದೆ. ಬೇಕೆಂದೇ ಮೂರು ಮುದ್ದೆ ಉಂಡೆ. ಇದನ್ನೂ ಫೋನಿನಲ್ಲಿ ಕೇಳಿಸಿಕೋ.

ಊಟವಾದ ಮೇಲೆ ಅವರು ನನ್ನ ಫೋನು ಕೇಳಿದರು. "ರಂಜು ಇಂಡಿಯಾಕ್ಕೆ ಆಡಿದ್ದು ಯೂಟೂಬಲ್ಲಿ ಬಂದಿರ್ತದಂತಲ್ಲ, ಒಸಿ ತೋರ್ಸವ್ವ. ಅವಳ್ನ ಕೇಳಿದ್ರೆ ನಾಳೆ ನಾಳೆ ಅಂತಾಳೆ." ಹುಡುಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಇಂಡಿಯಾ ಆಟಗಾರ್ತಿಗೆ ಬಿಡುವಾದಾಗ ಕಳಿಸಲಿ. ನನಗಲ್ಲ, ಅವರಿಗೆ.

ಹೇಮಶ್ರೀ


ಕೋಲ್ಕತ್ತ
2 ನವೆಂಬರ್ 2025

ಹೇಮ,

ವಿಡಿಯೊ ಇಲ್ಲ.

ನೀನು ಕೇಳಿದ ಮೇಲೆ ಈ ಎರಡು ಪದ ಬರೆಯಲು ಇಷ್ಟು ದಿನ ಬೇಕಾಯಿತು. ನಾನು ಇಂಡಿಯಾಕ್ಕೆ ಆಡಿಲ್ಲ. ಎರಡು ಸಲ ಕ್ಯಾಂಪಿಗೆ ಕರೆದರು, ಅದು ನಿಜ. ಜೆರ್ಸಿ ಕೊಟ್ಟರು, ಫೋಟೊ ತೆಗೆದರು. ಆ ಫೋಟೊವನ್ನೇ ಅವ್ವ ಫ್ಲೆಕ್ಸು ಮಾಡಿಸಿದ್ದು. ಪಂದ್ಯದ ದಿನ ಹೆಸರು ಓದುತ್ತಿದ್ದರು, ನಾನು ಬೂಟಿನ ದಾರ ಕಟ್ಟಿಕೊಂಡು ಕೇಳುತ್ತಿದ್ದೆ. ನನ್ನ ಹೆಸರು ಬರಲಿಲ್ಲ. ಎರಡು ಸಲವೂ ಬರಲಿಲ್ಲ. ಬೆಂಚಿನ ಮೇಲೆ ಕೂತು ಆಡುವವರಿಗೆ ನೀರಿನ ಬಾಟಲಿ ಕೊಟ್ಟೆ. ಆ ಜೆರ್ಸಿಯನ್ನು ಒಗೆಯುವ ಅಗತ್ಯವೇ ಬೀಳಲಿಲ್ಲ ಹೇಮ. ಒಂದು ಚುಕ್ಕೆ ಮಣ್ಣು ತಾಕಿಲ್ಲ ಅದಕ್ಕೆ.

ಈಗ ಕ್ಯಾಂಪಿಗೂ ಕರೆಯುವುದಿಲ್ಲ. ಇಲ್ಲಿ ಚಿಕ್ಕ ಹುಡುಗಿಯರಿಗೆ ಕಲಿಸುತ್ತೇನೆ. ನೀನು ಅಲ್ಲಿ ಮಾಡುವ ಕೆಲಸವನ್ನೇ ನಾನು ಇಲ್ಲಿ ಮಾಡುವುದು. ವ್ಯತ್ಯಾಸ ಏನೆಂದರೆ ನಿನ್ನ ಹುಡುಗಿಯರು ನಿನ್ನ ಭಾಷೆಯಲ್ಲೇ ನಿನ್ನನ್ನು ಅಣಕಿಸುತ್ತಾರೆ. ನೀನು ಫೋನಿಗೆ ಕಳಿಸಿದ ಅಭ್ಯಾಸದ ವಿಡಿಯೊಗಳಲ್ಲಿ ಅವರು ಕೂಗುವುದನ್ನು ಕೇಳಿ ನಾನು ಫೋನು ಮಗುಚಿ ಇಟ್ಟಿದ್ದೇನೆ. ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂದಾಗಲೆಲ್ಲ ನನಗೆ ಹಿತವಾಗುತ್ತಿತ್ತು. ಒಬ್ಬಳಾದರೂ ನಾನು ಗೆದ್ದಿದ್ದೇನೆ ಅಂದುಕೊಂಡಿದ್ದಾಳಲ್ಲ ಅಂತ.

ನಿನ್ನ ಹೆಸರು ಯಾಕೆ ಬರೆಯಲಿಲ್ಲ ಗೊತ್ತಾ? ನೀನು ಹೆದರಿದೆ ಅಂತ ಅಲ್ಲ. ನನ್ನ ಹತ್ತಿರ ಇರುವುದು ಆ ಒಂದು ಭಾನುವಾರ ಮಾತ್ರ. ನಾನು ಓಡಿ, ನಾನು ಗೆದ್ದ ದಿನ ಅದೊಂದೇ. ಅದರಲ್ಲೂ ಅರ್ಧ ನಿನಗೆ ಕೊಟ್ಟರೆ ನನಗೇನು ಉಳಿಯುತ್ತದೆ ಅನ್ನಿಸಿತು.

ಮೊನ್ನೆ ರೈಲಿನಲ್ಲಿ ಹೋಗುವಾಗ ಇಲ್ಲಿಯ ಗದ್ದೆ ನೋಡಿದೆ. ಕೊಯ್ಲಿಗೆ ಬಂದಿದೆ. ಈ ಕೈ ಸಸಿ ಹಿಡಿದು ಮೂರು ವರ್ಷ ಆಯಿತು ಅಂತ ನೆನಪಾಯಿತು. ರೂಮಿಗೆ ಬಂದು ಪುಟವನ್ನು ಮತ್ತೆ ಬರೆದೆ. ಇದನ್ನೇ ಹಾಕು.

"2022ರ ಆಗಸ್ಟ್ 14ರಂದು ನಮ್ಮ ಗದ್ದೆಯ ನಾಟಿ ಇತ್ತು. ಅವತ್ತು ನನ್ನ ಬದಲು ಹೇಮಶ್ರೀ ಗದ್ದೆಗಿಳಿದಳು. ಆಯ್ಕೆಗೆ ಅವಳೂ ಬರಬೇಕಾಗಿತ್ತು. ಅವಳು ಆಳಾಗಿ ನಿಂತದ್ದರಿಂದ ನಾನು ಬಸ್ಸು ಹತ್ತಿದೆ. ಮುಯ್ಯಾಳಿನ ಉಪಾಯವೂ ಅವಳದೇ. ಆ ಒಂದಾಳಿನ ಮುಯ್ಯಿಯನ್ನು ನಾನಿನ್ನೂ ತೀರಿಸಿಲ್ಲ.

ಮುಂದೆ ಎರಡು ಸಲ ನ್ಯಾಷನಲ್ ಕ್ಯಾಂಪಿಗೆ ಹೋದೆ. ಬೆಂಚಿನ ಮೇಲೆ ಕೂತೆ. ಇಂಡಿಯಾಕ್ಕೆ ಒಂದು ನಿಮಿಷವೂ ಆಡಲಿಲ್ಲ."

ಎರಡನ್ನೂ ಹಾಕಬೇಕು. ನಿನಗೆ ಬೇಕಾದ ಸಾಲು ನಾನು ಕೊಟ್ಟೆ, ನನ್ನನ್ನು ಈ ಫ್ಲೆಕ್ಸಿನಿಂದ ಇಳಿಸುವ ಸಾಲನ್ನು ನೀನು ಅಚ್ಚು ಹಾಕಿಸು. ಆಳಿಗೆ ಆಳು, ಸಾಲಿಗೆ ಸಾಲು. ಅಲ್ಲಿಗೆ ನಮ್ಮಿಬ್ಬರ ಲೆಕ್ಕ ಮುಗಿಯಿತು.

ರಂಜಿತ


ಕೆರಗೋಡು
27 ಜನವರಿ 2026

ರಂಜು,

ಸಂಚಿಕೆಯ ಒಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ. ಏಳು ಪುಟ ಶುಭಾಶಯ ದಾಟಿ ಎಂಟಕ್ಕೆ ಬಾ. ಅಲ್ಲಿ ಮೊದಲು ಬರುವ ಹೆಸರು ನನ್ನದೂ ಅಲ್ಲ, ನಿನ್ನದೂ ಅಲ್ಲ. "ಈ ಕ್ಲಬ್ಬು ಆಟ ಕಲಿತದ್ದು ಕೊತ್ತತ್ತಿಯ ಹೊಂಬಾಳಮ್ಮನವರ ಗದ್ದೆಯಲ್ಲಿ" ಅಂತ ಶುರು ಮಾಡಿದ್ದೇನೆ. ನಾವಿಬ್ಬರೂ ಕಿತ್ತಾಡಿದ ಜಾಗಕ್ಕೆ ಮೂರನೆಯವರನ್ನು ತಂದು ಕೂರಿಸಿದೆ. ನೀನು ಉರಿದುಕೊಂಡರೂ ಅವರ ಮೇಲೆ ಉರಿದುಕೋ, ಅವರು ನಿನ್ನ ಅವ್ವ.

ಬಿಡುಗಡೆಯ ದಿನ ಅವರನ್ನು ವೇದಿಕೆಗೆ ಕರೆಸಿದ್ದೆವು. ಮೈಕು ಕೊಟ್ಟರೆ ಅದನ್ನು ಸೌಟು ಹಿಡಿದ ಹಾಗೆ ಹಿಡಿದುಕೊಂಡು, "ಆಟ ಏನೋ ನಂಗೊತ್ತಿಲ್ಲ. ಗದ್ದೆಗ್ ಬಿದ್ದು ಒಳ್ಳಾಡವು, ಮುದ್ದೆ ಇಕ್ತಿದ್ದೆ. ಒಬ್ಳು ದೂರ ಓಗವ್ಳೆ, ಒಬ್ಳು ಬತ್ತಾಳೆ. ಅಷ್ಟೇಯ" ಅಂದರು. ಅಷ್ಟು ಹುಡುಗಿಯರೂ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಒಂದು ಅನುಮಾನ. ದೂರ ಹೋದವಳ ಮಾತು ಬಂದಾಗ ಅವರು ಮೈಕು ಇಳಿಸಿ ರಸ್ತೆಯ ಕಡೆ ನೋಡಿದರು. ಬರುವವಳ ಮಾತಿಗೆ ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದು ಅದನ್ನೇ ನೆನೆಸಿಕೊಂಡು ಕೂತೆ. ಎಷ್ಟು ನೆಟ್ಟರೂ ನಾನು ಅವರಿಗೆ ಬರುವವಳಷ್ಟೇ ಅನ್ನಿಸಿತು.

ಹತ್ತನೆಯ ಪುಟದಲ್ಲಿ ನಿನ್ನ ಬರಹವಿದೆ. ಬೆಂಚಿನ ಸಾಲುಗಳನ್ನು ಹಾಕಲಿಲ್ಲ. ಒಳ್ಳೆಯತನ ಅಂದುಕೊಂಡು ಅಳಬೇಡ. ಆ ಸಾಲುಗಳನ್ನು ನಾನು ಮತ್ತೆ ಮತ್ತೆ ಓದಿದೆ. ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಪ್ರೆಸ್ಸಿಗೂ ಕಳಿಸಿದ್ದೆ. ಅವತ್ತು ಕೊತ್ತತ್ತಿ ಬಸ್‌ಸ್ಟಾಪಿನಲ್ಲಿ ಮೊದಲ ಸಲ ಆಚೆ ತಿರುಗದೆ ನಿನ್ನ ಫ್ಲೆಕ್ಸನ್ನು ನೋಡಿದೆ. ಜೆರ್ಸಿಯ ಮೇಲೆ ನಿಜವಾಗಿಯೂ ಒಂದು ಚುಕ್ಕೆ ಮಣ್ಣಿಲ್ಲ. ಎಷ್ಟು ವರ್ಷ ಇದನ್ನು ನೋಡಲಾರದೆ ಕುತ್ತಿಗೆ ತಿರುಗಿಸಿದೆನಲ್ಲ ಅಂತ ಸಿಟ್ಟು ಬಂತು, ಆಮೇಲೆ ಅಳು ಬಂತು. ಹಾಗೆ ಕೂತಿರುವಾಗ ಹೊಳೆಯಿತು. ಆ ಸಾಲು ಅಚ್ಚಾದರೆ ಮುಯ್ಯಿ ತೀರಿಬಿಡುತ್ತದೆ. ತೀರಿದ ಮೇಲೆ ನೀನು ಕೆರಗೋಡಿಗೆ ಯಾಕೆ ಬರುತ್ತೀಯ? ಬಸ್ಸಿನಿಂದಲೇ ಪ್ರೆಸ್ಸಿಗೆ ಫೋನ್ ಮಾಡಿ ತೆಗೆಸಿದೆ.

ಬೆಂಚಿನ ವಿಷಯ ನಿನ್ನ ಅವ್ವನಿಗೆ ಹೇಳಿಲ್ಲ. ಅದನ್ನು ಹೇಳಬೇಕಾದವಳು ನೀನು, ಎದುರಿಗೆ ಕೂತು.

ಹೆದರಿದ್ದೆನಾ ಅಂತ ನೀನು ಕೇಳದೆ ಹೇಳಿದೆಯಲ್ಲ, ಅದಕ್ಕೂ ಉತ್ತರ ತಗೋ. ಹೆದರಿದ್ದೆ. ಆದರೆ ನೆಟ್ಟದ್ದೂ ನಾನೇ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈ ಆಗಸ್ಟಿಗೆ ನಾಲೆಗೆ ನೀರು ಬಿಟ್ಟ ಮೇಲೆ ಬಾ. ನಮ್ಮ ಗದ್ದೆ, ಒಂದೇ ಬದುವಿನಿಂದ ಇಬ್ಬರೂ ಶುರು ಮಾಡೋಣ. ನೆಡುತ್ತ ಹಿಂದಕ್ಕೆ ಸರಿದು, ಹಿಂದಿನ ಬದುವಿಗೆ ಯಾರ ಹಿಮ್ಮಡಿ ಮೊದಲು ತಾಗುತ್ತದೋ ನೋಡೋಣ. ಅವತ್ತೂ ನಮ್ಮಿಬ್ಬರಲ್ಲಿ ಒಬ್ಬಳನ್ನೇ ಆರಿಸುವುದು. ಆರಿಸುವವರು ನಿನ್ನ ಅವ್ವ, ಬಸ್ಸಾರು ಮಾಡಿಕೊಂಡು ಬರುತ್ತೇನೆ ಅಂದಿದ್ದಾರೆ. ಈ ಸಲ ನಾನು ಹೆದರಿ ಬೇರೆ ಗದ್ದೆಗೆ ಇಳಿಯುವುದಿಲ್ಲ.

ಬರದೆ ಹೋದರೆ ಎಂದಿನ ಹಾಗೆ ನಿನ್ನ ಸಾಲನ್ನು ನಾನೇ ನೆಡುತ್ತೇನೆ. ನಿನ್ನ ಪಾಲಿನ ಮುದ್ದೆಯನ್ನೂ ನಾನೇ ಉಣ್ಣುತ್ತೇನೆ.

ಹೇಮ